ಬೇಕರಿಯವನ ನಾಲಿಗೆಗೆ ಬಿದ್ದ ಕೆಂಪು ಚುಕ್ಕೆ

ಬೇಕರಿಯವನು ನಲವತ್ತು ವರ್ಷ ಹಿಟ್ಟಿನಲ್ಲೇ ಮುಳುಗೆದ್ದವನು. ಅವನು ಸೀನಿದರೆ ಎದುರಿಗಿದ್ದವರ ಕೂದಲು ಬೆಳ್ಳಗಾಗುತ್ತಿತ್ತು. ಅಂಗಡಿಯಲ್ಲಿ ಅಳತೆಯ ಚಮಚವೇ ಇರಲಿಲ್ಲ. ನಾದಿದ ಹಿಟ್ಟನ್ನು ಚಿವುಟಿ ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, "ಹೂಂ" ಅಂದ ಮೇಲೆಯೇ ಅದು ಒಲೆಗೆ ಹೋಗಬೇಕು. ಉಪ್ಪಿನ ಒಂದು ಹರಳು ಹೆಚ್ಚಾದರೂ ಆ ನಾಲಿಗೆ ಕಳ್ಳನನ್ನು ಹಿಡಿದಂತೆ ಹಿಡಿಯುತ್ತಿತ್ತು.

ಒಮ್ಮೆ ಹೊಟ್ಟೆ ಉಬ್ಬರಿಸಿತು. ಹಿಂದಿನ ದಿನ ಅರ್ಧ ಡಬ್ಬ ಬಿಸ್ಕತ್ತು ಖಾಲಿ ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ. ಮಗಳು ಯಾವುದೋ ಲ್ಯಾಬಿನಲ್ಲಿ ಅಲರ್ಜಿಯ ರಕ್ತಪರೀಕ್ಷೆ ಮಾಡಿಸಿದಳು. ವರದಿಯಲ್ಲಿ ನಲವತ್ತೊಂದು ಕೆಂಪು ಚುಕ್ಕೆ: ಗೋಧಿ, ಹಾಲು, ಮೊಟ್ಟೆ, ಈಸ್ಟ್, ಅವನು ದಿನಾ ತಿನ್ನುವುದೆಲ್ಲ. ತಿನ್ನಬಹುದೆನ್ನುವ ಹಸಿರು ಒಂಬತ್ತೇ. ಅದರಲ್ಲೊಂದು ಸಿಗಡಿ, ಮದುವೆಗೆ ಮುಂಚೆ ಒಮ್ಮೆ ತಿಂದು, ತುಟಿ ತುರಿಸಿತೆಂದು ಅವನು ಬಿಟ್ಟುಬಿಟ್ಟಿದ್ದು.

"ನೋಡಪ್ಪಾ, ನಿನ್ನಂಗಡೀನೇ ನಿಂಗೆ ವಿಷ!"

"ಹಂಗಾದ್ರೆ ನಿನ್ನನ್ನ ವಿಷದಲ್ಲೇ ಸಾಕಿದೆ ಅನ್ನು."

ಆದರೂ ಕೆಂಪು ಚುಕ್ಕೆಗೆ ಹೆದರಿ ಅವನ್ನೆಲ್ಲ ತಿನ್ನುವುದನ್ನೂ, ಹಿಟ್ಟಿನ ರುಚಿ ನೋಡುವುದನ್ನೂ ನಿಲ್ಲಿಸಿದ. ಹೆಂಡತಿ ಅಂದಾಜಿನ ಮೇಲೆ ಉಪ್ಪು ಹಾಕತೊಡಗಿದಳು. ಬ್ರೆಡ್ಡು ಒಂದು ದಿನ ಸಪ್ಪೆ, ಮರುದಿನ ಸಮುದ್ರ.

"ಏನಣ್ಣಾ, ಬ್ರೆಡ್ಡಿನ ಜತೆ ಮೀನೂ ಕೊಡ್ತೀರಾ?" ಎಂದ ಎದುರಿನ ಹೋಟೆಲಿನವನು ಮರುವಾರ ಬೇರೆ ಕಡೆಯಿಂದ ತರಿಸಿಕೊಂಡ. ಮೂರು ವಾರದಲ್ಲಿ ಬೇಕರಿಯಲ್ಲಿ ನೊಣವೂ ಕೂರದಾಯಿತು.

"ಹೀಗೇ ಇನ್ನೊಂದು ತಿಂಗಳಾದ್ರೆ ಒಲೆ ಆರಿಸಿ ಬೀಗ ಹಾಕೋದೇ," ಎಂದಳು ಹೆಂಡತಿ.

ಹಸಿವಿನಿಂದ ಬೇಕರಿಯವನು ಎಷ್ಟು ಸೊರಗಿದನೆಂದರೆ, ಏಪ್ರನ್ನಿನ ದಾರ ಸೊಂಟಕ್ಕೆ ಏಳು ಸುತ್ತು ಬರುತ್ತಿತ್ತು. ಮರುಗಿದ ಮಗಳು ಹಸಿರು ಪಟ್ಟಿ ನೋಡಿ ಸಿಗಡಿ ಹುರಿದಳು. ಎರಡನೇ ತುತ್ತಿಗೆ ತುಟಿ ಅವನದೇ ಬನ್ನಿನಂತೆ ಉಬ್ಬಿತು, ಗಂಟಲು ಕಟ್ಟಿತು. ಆಸ್ಪತ್ರೆಗೆ ಓಡಿದರು. ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಬಂತು.

ವೈದ್ಯೆ ವರದಿ ನೋಡಿದರು. "ಇದರ ಕೆಂಪು ಚುಕ್ಕೆ ನೀವು ಏನು ತಿಂತೀರಿ ಅಂತ ಹೇಳುತ್ತೆ, ಯಾವುದು ನಿಮಗೆ ಒಗ್ಗಲ್ಲ ಅಂತಲ್ಲ. ಬ್ರೆಡ್ ತಿಂದಾಗ ಯಾವತ್ತಾದ್ರೂ ಊತ, ತುರಿಕೆ, ವಾಂತಿ?"

"ಇಲ್ಲಮ್ಮಾ, ನಿದ್ದೆ ಬರುತ್ತೆ."

"ಸಿಗಡಿ?"

"ಮದುವೆಗೆ ಮುಂಚೆ ತುಟಿ ತುರಿಸಿತ್ತು."

"ನಿಮ್ಮ ತುಟಿ ಆವತ್ತೇ ಸರಿಯಾದ ವರದಿ ಕೊಟ್ಟಿತ್ತಲ್ಲ! ಬ್ರೆಡ್ ಧಾರಾಳವಾಗಿ ತಿನ್ನಿ. ಸಿಗಡಿ ಕಡೆ ತಲೆ ಹಾಕಬೇಡಿ."

ಮರುದಿನ ಹೆಂಡತಿ ಹಿಟ್ಟು ನಾದಿಟ್ಟಳು. ಮಗಳು ಕೈಗಡಿಯಾರ ನೋಡುತ್ತ ನಿಂತಳು. ಬೇಕರಿಯವನು ಚಿವುಟಿ ಬಾಯಿಗಿಟ್ಟು ಕಣ್ಣು ಮುಚ್ಚಿದ. ಇಬ್ಬರೂ ಉಸಿರು ಬಿಗಿಹಿಡಿದರು.

"ಏನಾಗ್ತಿದೆ ಅಪ್ಪಾ?"

"ಉಪ್ಪು ಕಮ್ಮಿ," ಎಂದ.