ಕ್ಯಾಪಿನ ಕೆಳಗಿನ ಮೂರು ಗೀರು

ಹಳೆಯ ಫೌಂಟನ್ ಪೆನ್ನು ಕೈಗೆ ಸಿಕ್ಕರೆ ಅದನ್ನು ಮಾಡಿದವರು ಯಾರೆಂದು ಹೇಳಿಬಿಡುವ ಚಟ ನನಗೆ. ಬಿಬವೇವಾಡಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಈ ಚಟಕ್ಕೆ ಹೆಸರೂ ಇತ್ತು. ಆ ಹೆಸರನ್ನು ಹಬ್ಬಿಸಿದವನೂ ನಾನೇ ಅನ್ನಿ. ದೊಡ್ಡ ಕಂಪನಿಯ ಪೆನ್ನನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ನನ್ನ ಗತ್ತೆಲ್ಲ ಓಣಿಯ ಸಣ್ಣ ಕಾರ್ಖಾನೆಗಳಲ್ಲಿ ಹುಟ್ಟಿದ, ಹೆಸರು ಅಳಿದುಹೋದ ಪೆನ್ನುಗಳ ಮೇಲೆ. ನಿಬ್ಬಿನ ಮೇಲಿನ ಅಕ್ಷರ ನಂಬಬಾರದು, ಅದು ನಿಬ್ಬು ಮಾಡಿದವರದು. ಆ ಸಣ್ಣವರು ನಿಬ್ಬು ಒಂದು ಕಡೆ, ಕ್ಲಿಪ್ಪು ಇನ್ನೊಂದು ಕಡೆ ಕೊಳ್ಳುತ್ತಿದ್ದರು. ಪೆನ್ನಿನ ಮೈಯನ್ನು ಮಾತ್ರ ತಾವೇ ಲೇಥಿನಲ್ಲಿ ಕಡೆಯುತ್ತಿದ್ದರು.

ಒಂದು ಬೆಳಿಗ್ಗೆ ಮೇಲಿನ ಮಹಡಿಯ ಅಕ್ಕಾರು ಕರ್ಚೀಫಿನಲ್ಲಿ ಸುತ್ತಿದ ಪೆನ್ನು ತಂದರು. ಬೆಳಗಾವಿ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು.

"ನಮ್ಮ ಮಾಮಾರ ಟ್ರಂಕಿನ್ಯಾಗ ಸಿಕ್ತರಿ. ಯಾರು ಮಾಡಿದ್ದು ಅಂತ ಹೇಳ್ಲಿಕ್ಕೆ ಆಗ್ತದೇನ್ರಿ? ನಮ್ಮ ಅಪ್ಪಾರು..."

ನಾನು ನಡುವೆಯೇ ಬಾಯಿ ಹಾಕಿದೆ. "ನೀವೇನೂ ಹೇಳಬ್ಯಾಡ್ರಿ ಅಕ್ಕಾರ. ಇಟ್ಟು ಹೋಗ್ರಿ. ಪೆನ್ನ ನೋಡೇ ಹೇಳ್ತೀನಿ."

ಅವರು ನಕ್ಕು ಹೋದರು.

ಅದು ಎಬೊನೈಟ್ ಪೆನ್ನು, ಅಂದರೆ ಗಟ್ಟಿ ರಬ್ಬರಿನದು. ಕಪ್ಪು ಮಾಸಿ ಹಸಿರುಗಂದು ಬಣ್ಣಕ್ಕೆ ತಿರುಗಿತ್ತು. ಮೊದಲು ನೋಡಬೇಕು, ಆಮೇಲೆ ತಿಕ್ಕಬೇಕು. ಇದು ಬಲ್ಲವರ ಪದ್ಧತಿ. ನನಗೆ ಹೊಳಪು ಕಾಣುವ ಆತುರ. ಪಾಲಿಶ್ ಕಾಗದಕ್ಕೆ ನೀರು ಹಚ್ಚಿ ತಿಕ್ಕುತ್ತ ಕೂತೆ. ಬೆರಳಿಗೆಲ್ಲ ಗಂಧಕದ ವಾಸನೆ ಹತ್ತಿತು. ಕ್ಯಾಪ್ ತಿರುಗಿಸಿ ಕೂರಿಸುವ ಸುತ್ತುಗಳ ಕೆಳಗೆ ಮೂರು ಸಣ್ಣ ಗೀರುಗಳಿದ್ದವು. ಯಾರೋ ಗೀಚಿದ್ದಾರೆ ಅಂದುಕೊಂಡೆ. ಸುಲಭಕ್ಕೆ ಹೋಗಲಿಲ್ಲ, ನಾನೂ ಬಿಡಲಿಲ್ಲ. ಆಮೇಲೆ ಎರಡು ದಿನ ತಿರುಗಿಸಿ ತಿರುಗಿಸಿ ನೋಡಿದರೂ ಮಾಡಿದವರ ಸುಳಿವು ಸಿಗಲಿಲ್ಲ.

ಮೂರನೆಯ ದಿನ ಅಕ್ಕಾರು ಬಂದರು. ಹೊಳಪಿನ ಕಡೆ ಅವರ ಗಮನವೇ ಇಲ್ಲ. ಕ್ಯಾಪ್ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದರು.

"ಪಿಂಪ್ರಿ ಕಾರ್ಖಾನಿಗೆ ಬರೂಕಿಂತ ಮೊದಲ ಅಪ್ಪಾರು ಬೆಳಗಾವ್ಯಾಗ ಪೆನ್ನ ಕಡೀತಿದ್ರರಿ. ಅವರು ಮಾಡಿದ್ದು ಒಂದೂ ಮನ್ಯಾಗ ಉಳೀಲಿಲ್ಲ. ತಾವು ಮಾಡಿದ ಪೆನ್ನಿಗೆಲ್ಲಾ ಇಲ್ಲೇ, ಕ್ಯಾಪಿನ ಕೆಳಗ, ಮೂರು ಗೀರು ಹಾಕ್ತಿದ್ರು. ನಾವು ಮೂರು ಮಂದಿ ಹೆಣ್ಮಕ್ಕಳು ನೋಡ್ರಿ, ಅದಕ್ಕ. ಇದರ ಮ್ಯಾಲೆ ಇದ್ದವೇನ್ರಿ?"

ಇದ್ದವು, ನಾನೇ ತಿಕ್ಕಿ ಅಳಿಸಿದೆ ಎಂದರೆ ಮುಗಿಯುತ್ತಿತ್ತು. ಬೈಯುವ ಹೆಂಗಸೂ ಅಲ್ಲ ಅವರು.

"ಇಲ್ಲರಿ ಅಕ್ಕಾರ," ಎಂದೆ.

ಅವರು ಪೆನ್ನನ್ನು ಇನ್ನಷ್ಟು ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. "ಹಂಗಾರ ಬ್ಯಾರೆ ಯಾರದೋ ಬಿಡ್ರಿ. ಭಾಳ ಆಸೆ ಇತ್ತು. ನೀವ ಇಟ್ಕೊಳ್ರಿ, ನಿಮಗ ಇದರ ಪ್ರೀತಿ ಅದ."

ಈಗ ಅವರು ಮಗಳ ಜೊತೆ ಇದೇ ಊರಿನ ಮಗರಪಟ್ಟಾದಲ್ಲಿದ್ದಾರೆ. ನಂಬರ್ ನನ್ನ ಫೋನಿನಲ್ಲಿದೆ. ಎಷ್ಟೋ ಸಲ ತೆಗೆದು ನೋಡಿದ್ದೇನೆ, ಒತ್ತಿಲ್ಲ. ನನ್ನ ಹೇಡಿತನಕ್ಕೆ ನನಗೇ ಅಸಹ್ಯವಾಗುತ್ತದೆ.

ಹಳೆಯ ಪೆನ್ನುಗಳನ್ನು ಕೂಡಿಟ್ಟ ನನ್ನ ಪೆಟ್ಟಿಗೆಯಲ್ಲಿ ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿದ್ದೇನೆ, ಮಾಡಿದವರು ಇಂಥವರಿರಬಹುದು ಎಂದು ಬರೆದು. ಎಲ್ಲವೂ ನನ್ನ ಊಹೆ. ಯಾರು ಮಾಡಿದ್ದೆಂದು ಖಾತ್ರಿಯಾಗಿ ಗೊತ್ತಿರುವುದು ಅದೊಂದು ಪೆನ್ನಿನದು ಮಾತ್ರ. ಅದರ ಚೀಟಿಯಲ್ಲಿ ನಾನಿನ್ನೂ ಏನೂ ಬರೆದಿಲ್ಲ.