ಓಕ್ ಮರದಡಿಯ ಒಂಟಿ ಚಪ್ಪಲಿ

ಅಮೆರಿಕದಲ್ಲಿ ನಾವಿರುವ ರೌಂಡ್ ರಾಕ್‌ನಿಂದ ಸ್ವಲ್ಪ ದೂರ ಡ್ರೈವ್ ಮಾಡಿದರೆ ಒಂದು ಚಿಕ್ಕ ಊರು ಸಿಗುತ್ತದೆ. ಅಲ್ಲಿ ಹಳೇ ಮನೆಗಳನ್ನೂ ಚರ್ಚುಗಳನ್ನೂ ನೋಡಲು ಬರುವವರಿಗಾಗಿ ಇದ್ದ ಹಾಗೇ ಉಳಿಸಿಕೊಂಡಿದ್ದಾರೆ. ಪಕ್ಕದ ಮನೆಯ ಶಾರದಾ ಆಂಟಿಯನ್ನು, ರಿಟೈರ್ ಆದ ಡಾಕ್ಟರು ಅವರು, ಒಂದು ಶನಿವಾರ ಕರೆದುಕೊಂಡು ಹೋಗಿದ್ದೆ.

ಬಿಳೀ ಬಣ್ಣದ ಮರದ ಚರ್ಚಿನ ಮುಂದೆ ಆಂಟಿ ಚಪ್ಪಲಿ ಬಿಟ್ಟರು. ಒಂದನ್ನು ಮೆಟ್ಟಿಲ ಬಳಿ, ಇನ್ನೊಂದನ್ನು ದೂರದ ಓಕ್ ಮರದ ಬುಡದಲ್ಲಿ.

“ಇಲ್ಲಿ ಯಾರು ಆಂಟಿ ಕದೀತಾರೆ?”

“ಮೈಸೂರಲ್ಲಿ ದೇವಸ್ಥಾನದ ಮುಂದೆ ಎಷ್ಟು ಜೊತೆ ಕಳ್ಕೊಂಡಿದೀನಿ ಗೊತ್ತಾ? ಜೋಡಿ ಇಲ್ದಿದ್ರೆ ಯಾರೂ ಮುಟ್ಟಲ್ಲ.”

ಬಣ್ಣದ ಗಾಜಿನ ಕಿಟಕಿಗಳನ್ನು ನೋಡಿಕೊಂಡು ಹೊರಗೆ ಬಂದರೆ ಮರದ ಬುಡ ಖಾಲಿ. ಆಂಟಿ ನನ್ನನ್ನೇ ನೋಡಿದರು.

ಹೂವಿನ ಗಿಡಗಳಿಗೆ ನೀರು ಹಾಕುತ್ತಿದ್ದ ಅಮೆರಿಕನ್ ಅಜ್ಜಿಯನ್ನು ವಿಚಾರಿಸಿದೆ. ಪಾಪ, ಯಾರೋ ಬೀಳಿಸಿಕೊಂಡು ಹೋಗಿದ್ದಾರೆ ಅಂತ ಆಕೆಯೇ ಎತ್ತಿಕೊಂಡು ಹೋಗಿ ಆಫೀಸಿನಲ್ಲಿಟ್ಟು ಬೀಗ ಹಾಕಿದ್ದರಂತೆ. ತಂದುಕೊಟ್ಟು, “ಜೋಡಿ ಇದ್ದಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ,” ಅಂದರು.

ಮುಂದಿನ ಹಳೇ ಮನೆಯ ಬಾಗಿಲಲ್ಲಿ ಆಂಟಿ ಎರಡೂ ಚಪ್ಪಲಿಗಳನ್ನು ಒಟ್ಟಿಗೇ ಬಿಟ್ಟರು. ಕಾಯುವುದಕ್ಕೆ ನನ್ನನ್ನೂ ಬಿಟ್ಟರು. ಆ ಮನೆ ಒಳಗೆ ಹೇಗಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.