ನಿಂಬೆ ಹಿಂಡಿದ ಅರಿಷಿಣ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಮೊಮ್ಮಗಳ ಮದುವೆಗೆ ಎರಡೇ ದಿನ ಉಳಿದಿತ್ತು. ಗಂಡಿನವರು ಹಾನಗಲ್ಲಿನವರು. ಹತ್ತಿಮತ್ತೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಅರಿಷಿಣ ಹಚ್ಚುತ್ತಿದ್ದರು. ನಾನು ಗಂಡ ಸತ್ತವಳು, ಮಣೆ ಏರಿದ ಮದುಮಗಳನ್ನು ಮುಟ್ಟುವ ಹಾಗಿಲ್ಲ. ಕಂಬಕ್ಕೆ ಒರಗಿ ನೋಡುತ್ತ ಕೂತಿದ್ದೆ. ಅದಕ್ಕೆ ನನಗೇನೂ ದುಃಖವಿರಲಿಲ್ಲ. ಬಗ್ಗಿ ಹಚ್ಚುವವರಿಗೆ ಸೊಂಟ ನೋಯುತ್ತದೆ, ನನಗೆ ಆ ತ್ರಾಸು ಇಲ್ಲ.

ಎಲ್ಲದಕ್ಕೂ ಮುಂದೆ ನಿಂತವಳು ನನ್ನ ಮಗಳು, ಹಿರೇಕೆರೂರಿಗೆ ಕೊಟ್ಟವಳು, ಹುಡುಗಿಗೆ ಸೋದರತ್ತೆ. ಅರಿಷಿಣಕ್ಕೆ ಕಡಲೆಹಿಟ್ಟು ಕಲಸಿ, ಮೇಲೆ ನಿಂಬೆಹಣ್ಣು ಹಿಂಡಿದಳು.

“ನಿಂಬಿಹಣ್ಣು ಯಾಕಬೇ?” ಎಂದೆ.

“ಮಾರಿ ಹೊಳೀಲಿ ಅಂತ. ನೀ ಸುಮ್ನ ಕುಂದರ ಯವ್ವಾ. ನಿಮ್ಮ ಕಾಲದಾಗ ಹೊಳಿಯೂವು ಬರೇ ಕೊಡ, ಹಂಡೆ.”

ಹೆಂಗಸರೆಲ್ಲ ನಕ್ಕರು. ಅವಳು ಹಂಡೆ ತಿಕ್ಕಿದ ಹಾಗೆಯೇ ಹುಡುಗಿಯ ಕೆನ್ನೆ ತಿಕ್ಕಿದಳು. ಮಣೆಯ ಮೇಲೆ ಕೂತ ಹೆಣ್ಣು ಬೇಡ ಎನ್ನಬಾರದು. ಹುಡುಗಿ ಹಲ್ಲು ಕಚ್ಚಿ ಕೂತಿತ್ತು, ಕಣ್ಣಿನಿಂದ ನೀರು ಮಾತ್ರ ಸುರಿಯುತ್ತಿತ್ತು.

“ನೋಡ್ರೆವ್ವಾ, ಈಗ ಅಳಾಕತ್ತಾಳ! ತವರ ಬಿಡಾಕ ಇನ್ನ ಎರಡ ದಿನ ಐತಿ, ಒಂದೀಟು ಉಳಿಸ್ಕೊ,” ಎಂದಳು ಮಗಳು.

ನೀರು ಹಾಕಿ ಅರಿಷಿಣ ತೊಳೆದಾಗ ಮುಖ ಕಂಡಿತು. ನನ್ನ ಬಾಯೊಳಗಿನ ಎಲೆಯಡಿಕೆ ಅಲ್ಲಿಯೇ ನಿಂತಿತು. ಕೆನ್ನೆ ಎರಡೂ ಕೆಂಪಗೆ ಉಬ್ಬಿದ್ದವು. ಮೂಗಿನ ಆಚೀಚೆ ತೊಗಲು ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಎದ್ದು ನಿಂತಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಮದುಮಕ್ಕಳನ್ನು ನೋಡಿದ್ದೇನೆ, ಅರಿಷಿಣದಿಂದ ಸುಲಿದ ಮುಖ ನೋಡಿರಲಿಲ್ಲ.

ಹಿತ್ತಲಿಗೆ ಕರೆದು ಕೇಳಿದೆ. ಹುಡುಗಿ ಸೀರೆಗಳ ಅಡಿಯಿಂದ ಒಂದು ಟ್ಯೂಬು ತಂದು ತೋರಿಸಿತು. ನಾನು ಕನ್ನಡವನ್ನೇ ಅಕ್ಷರ ಕೂಡಿಸಿ ಓದಬೇಕು, ಅದರ ಮೇಲೆ ಇದ್ದದ್ದು ಇಂಗ್ಲಿಷು.

“ರೆಟಿನಾಲ್ ಅಂತಾರ ಆಯಿ. ಮೊಡವಿ ಕಲಿ ಹೋಗ್ತಾವಂತ ಶಿಗ್ಗಾಂವಿಯಿಂದ ತಂದಿದ್ದೆ.”

“ಎಷ್ಟ ಹಚ್ಚಿ?”

“ದಿನಾ ರಾತ್ರಿ ಹಚ್ಚತಿದ್ದೆ. ಮದುವಿ ಹತ್ರ ಬಂತಲ್ಲ, ಮುಂಜಾನೇನೂ ಹಚ್ಚಾಕತ್ತೆ.”

“ಉರೀಲಿಲ್ಲೇನ?”

“ಉರದ್ರ ಕೆಲಸಾ ಮಾಡಾಕತ್ತೈತಿ ಅಂತ ತಿಳ್ಕೊಂಡೆ.”

ಟ್ಯೂಬನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಆಟೋ ಹಿಡಿದು ಸವಣೂರಿಗೆ ಕರೆದುಕೊಂಡು ಹೋದೆ. ಅಲ್ಲಿ ತೊಗಲಿನ ಡಾಕ್ಟರು ಒಬ್ಬ ಹೆಣ್ಣುಮಗಳು. ಬ್ಯಾಟರಿ ಹಿಡಿದು ಮುಖ ನೋಡಿ ಟ್ಯೂಬು ಕೈಗೆತ್ತಿಕೊಂಡರು.

“ಇದು ಬಟಾಣಿ ಕಾಳಿನಷ್ಟ ಸಾಕವ್ವಾ, ಇಡೀ ಮಾರಿಗೆ. ಸುರುವಿಗೆ ವಾರದಾಗ ಎರಡ ರಾತ್ರಿ ಅಷ್ಟ. ಮಾರಿ ತೊಳದು, ಪೂರಾ ಒಣಗಿಸಿ ಹಚ್ಚಬೇಕು, ಮ್ಯಾಲೆ ಸಾದಾ ಕ್ರೀಮು. ಹಗಲಿ ಬಿಸಲಿನ ಕ್ರೀಮು ಬಿಡೂಹಂಗಿಲ್ಲ. ಗುಣಾ ಕಾಣಾಕ ತಿಂಗಳಗಟ್ಟಲೆ ಹಿಡೀತೈತಿ. ನೀ ಅವಸರಾ ಮಾಡಿ ತೊಗಲ ತೆಳ್ಳಗ ಮಾಡ್ಕೊಂಡಿ, ಅದರ ಮ್ಯಾಲೆ ನಿಂಬಿಹುಳಿ ಬ್ಯಾರೆ!”

“ಯೂರಿಯಾ ಇದ್ದಂಗ ಅನ್ರಿ,” ಎಂದೆ. “ಲಗೂ ಬರ್ಲಿ ಅಂತ ಜಾಸ್ತಿ ಹಾಕಿದ್ರ ಬೆಳಿ ಸುಡ್ತೈತಿ.”

“ಹಂಗ ನೋಡ್ರಿ ಅಜ್ಜಿ. ಈಗ ವ್ಯಾಸಲೀನ್ ಬಿಟ್ಟು ಏನೂ ಹಚ್ಚಬ್ಯಾಡ್ರಿ. ಮತ್ತೊಮ್ಮೆ ತಿಕ್ಕಿದ್ರ ತೊಗಲ ಕಿತ್ತು ಕಲಿ ಉಳೀತಾವು.” ಆಮೇಲೆ ಹುಡುಗಿಯ ಕಡೆ ತಿರುಗಿದರು. “ಮದುವಿ ಆದ ಮ್ಯಾಲೆ ಬಸುರಿ ಆಗೂ ವಿಚಾರ ಇದ್ರ ಇದನ್ನ ಮುಟ್ಟಾಕೂ ಹೋಗಬ್ಯಾಡ.”

ಬಸುರಿಗೆ ಆಗದ್ದನ್ನು ಮದುಮಗಳು ರಾತ್ರಿ ಬೆಳಿಗ್ಗೆ ಬಳಿದುಕೊಂಡಿದ್ದಳು, ಮಾರಿದವರು ಒಂದು ಮಾತೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ನಾನು ಆ ಟ್ಯೂಬನ್ನೇ ನೋಡುತ್ತಿದ್ದೆ. ಕಿರುಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೇ.

“ಆಯಿ, ನಾಳೆ ಸುರಗಿ ಐತಿ,” ಎಂದಿತು ಹುಡುಗಿ.

ಸುರಗಿ ಎಂದರೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಮತ್ತೆ ಅರಿಷಿಣ ಹಚ್ಚಿ ನೀರು ಹಾಕುವುದು. ಆ ಅರಿಷಿಣ ಗಂಡಿನ ಮನೆಯಿಂದ ಬರುತ್ತದೆ. ಬೇಡ ಎನ್ನುವ ಧೈರ್ಯ ಯಾರಿಗೂ ಇಲ್ಲ.

ಸಂಜೆ ಮಗಳಿಗೆ ಹುಡುಗಿಯ ಮುಖ ತೋರಿಸಿ, ಡಾಕ್ಟರು ಹೇಳಿದ್ದನ್ನು ಹೇಳಿದೆ.

“ಗಂಡಿನ ಮನಿ ಅರಿಷಿಣಾ ಮಾರಿಗೆ ಹಚ್ಚಲಿಲ್ಲಂದ್ರ ಅಪಶಕುನ. ನಾಕ ಮಂದಿ ಏನಂತಾರ? ಒಂದ ಈಟು ಉರೀತೈತಿ, ತಡ್ಕೊಳ್ಳಲಿ.”

ತೊಗಲು ಎದ್ದ ಮುಖವನ್ನು ನೋಡುತ್ತಲೇ ಹಾಗೆ ಅಂದಳು. ಟ್ಯೂಬು ನೋಡಿದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ನಾನು ಹೆತ್ತ ಮಗಳು. ಸೊಸೆ, ಅಂದರೆ ಹುಡುಗಿಯ ತಾಯಿ, ನಾದಿನಿಗೆ ಎಂದೂ ಎದುರಾಡಿದವಳಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಹುಡುಗಿ ಸುರಗಿಯಲ್ಲಿ ಕೂತ ಕೂಡಲೇ ನಾನು ನೂಲು ಎತ್ತಿ ಒಳಗೆ ನುಸುಳಿದೆ. ಎರಡು ಬೆರಳಿನಲ್ಲಿ ವ್ಯಾಸಲೀನ್ ತೆಗೆದು ಅದರ ಹಣೆ, ಕೆನ್ನೆ, ಗದ್ದಕ್ಕೆಲ್ಲ ದಪ್ಪಗೆ ಬಳಿದೆ. ಅರಿಷಿಣದ ಕೈಗಳು ಇದ್ದಲ್ಲೇ ನಿಂತವು.

“ಯವ್ವಾ! ನೀ ಮುಟ್ಟಬಾರ್ದು!” ಮಗಳು ಕಿರುಚಿದಳು.

“ಮುಟ್ಟಿ ಆತು. ಈ ಮಾರಿಗೆ ಗಂಡ ಸತ್ತ ರಂಡಿ ಕೈ ಬಿತ್ತು, ಇನ್ನ ನಿಮ್ಮ ಶಾಸ್ತ್ರಕ್ಕ ಬರೂದಿಲ್ಲ. ಕುತಿಗಿ ಕೆಳಗ ಬೇಕಾದಷ್ಟ ಮೈ ಐತಿ, ಅಲ್ಲಿ ಹಚ್ರಿ.”

ಯಾವ ಮುತ್ತೈದೆಯೂ ಆ ಮುಖಕ್ಕೆ ಕೈ ಹಾಕಲಿಲ್ಲ. ಪಾದಕ್ಕೆ, ತೋಳಿಗೆ ಹಚ್ಚಿ ನೀರು ಹಾಕಿದರು. ಬೆರಳಿಗೆ ಉಳಿದ ವ್ಯಾಸಲೀನನ್ನು ನನ್ನ ಒಡೆದ ಹಿಮ್ಮಡಿಗೆ ಒರೆಸಿಕೊಂಡು ಎದ್ದೆ.